ಚಕ್ಕಡಿ ಓಡಿದ ಹಾದಿ

ಜ್ಯೇಷ್ಠ ಮಾಸದ ಹುಣ್ಣಿಮೆ ಬಂತೆಂದರೆ ಎರೆ ಸೀಮೆಯ ಹಳ್ಳಿಗಳಲ್ಲಿ ಎತ್ತುಗಳಿಗೆ ಹಬ್ಬ. ಕಾರ ಹುಣ್ಣಿಮೆಯಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ರೈತರು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ ಕಟ್ಟಿ, ಬೆನ್ನ ಮೇಲೆ ಜೂಲ ಹೊದಿಸುತ್ತಾರೆ. ಸಂಜೆಯಾಗುತ್ತಲೇ ಊರ ಅಗಸಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗವೊಂದು ಅಡ್ಡ ಬೀಳುತ್ತದೆ. ಅದೇ ಕರಿ. ಎತ್ತುಗಳು ಧೂಳೆಬ್ಬಿಸುತ್ತ ಓಡಿ ಬರುತ್ತವೆ. ಯಾವುದು ಮುಂದಾಯಿತೋ ಅದು ಕರಿ ಹರಿದಂತೆ. ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆನ್ನ ಎಂಬುದು ಹಿರಿಯರ ಲೆಕ್ಕ. ಹವಾಮಾನ ಇಲಾಖೆ ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಓಟವೆಂಬುದು ಈ ಸೀಮೆಯಲ್ಲಿ ಬರೀ ಆಟವಾಗಿರಲಿಲ್ಲ, ಒಕ್ಕಲುತನದ ಒಂದು ಭಾಗವೇ ಆಗಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕರಿ ಹರಿಯುವುದು ಹಬ್ಬದ ಓಟವಾದರೆ, ಜಾತ್ರೆಗಳಲ್ಲಿ ನಡೆಯುವುದು ಚಕ್ಕಡಿ ಓಟ. ಹಗುರವಾದ ಬಂಡಿಗೆ ಜೋಡೆತ್ತು ಹೂಡಿ, ಗೊತ್ತುಪಡಿಸಿದ ದೂರವನ್ನು ಯಾರು ಬೇಗ ಮುಟ್ಟುತ್ತಾರೆಂದು ನೋಡುವುದು ಇದರ ಕ್ರಮ. ಇನ್ನೊಂದು ತೆರಬಂಡಿ. ಇದರ ಬಗೆಯೇ ಬೇರೆ. ಗಾಲಿ ತಿರುಗದಂತೆ ಕಟ್ಟಿ, ಬಂಡಿಗೆ ಭಾರ ಹೇರಿ, ಕೊಟ್ಟ ಹೊತ್ತಿನೊಳಗೆ ಯಾವ ಜೋಡಿ ಅದನ್ನು ಹೆಚ್ಚು ದೂರ ಎಳೆಯುತ್ತದೆಂದು ಅಳೆಯುತ್ತಾರೆ. ಒಂದರಲ್ಲಿ ಕಾಲಿನ ಚುರುಕು, ಇನ್ನೊಂದರಲ್ಲಿ ಹೆಗಲಿನ ಬಲ.

ದೂರದ ಅಮೆರಿಕದಲ್ಲಿ ‘ಡ್ರ್ಯಾಗ್ ರೇಸ್’ ಎಂಬ ಕಾರಿನ ಪಂದ್ಯವಿದೆ. ಎರಡು ಕಾರುಗಳು ಅಕ್ಕಪಕ್ಕ ನಿಂತು, ತಿರುವೇ ಇಲ್ಲದ ನೇರ ಹಾದಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಬೇಕು. ಡ್ರ್ಯಾಗ್ ಎಂದರೆ ಎಳೆಯುವುದು. ಅರ್ಥ ಹಿಡಿದು ನೋಡಿದರೆ ಆ ಹೆಸರು ಕಾರಿಗಿಂತ ನಮ್ಮ ತೆರಬಂಡಿಗೇ ಹೆಚ್ಚು ಒಪ್ಪುತ್ತದೆ! ಅಲ್ಲಿನವರು ತಮ್ಮ ಹಳೆಯ ಕಾರು, ಹಳೆಯ ಚಾಲಕರು, ಹಳೆಯ ಮೈದಾನಗಳನ್ನು ಪುಸ್ತಕ ಮಾಡಿ, ವಸ್ತುಸಂಗ್ರಹಾಲಯ ಕಟ್ಟಿ ಜೋಪಾನ ಮಾಡಿಕೊಂಡಿದ್ದಾರೆ. ಎರೆ ಸೀಮೆಯ ಬಂಡಿ, ಎತ್ತು, ಹೊಡೆಯುವವರ ನೆನಪು ಮಾತ್ರ ಮುದುಕರ ಬಾಯಲ್ಲೇ ಉಳಿದಿದೆ. ಅವರು ಹೋದರೆ ಅದೂ ಹೋಯಿತು.

ಅಂಥ ಒಬ್ಬ ಹಿರಿಯರು ಬಾಗಲಕೋಟೆಗೆ ಹತ್ತಿರದ ಪುನರ್ವಸತಿ ಕೇಂದ್ರವೊಂದರಲ್ಲಿದ್ದಾರೆ. ವಯಸ್ಸು ಎಂಬತ್ತರ ಆಚೆ. ಎಂಜಿನಿಯರಿಂಗ್ ಓದುವ ಮೊಮ್ಮಗ ಅವರನ್ನು ಮುತ್ಯಾ ಎಂದೂ, ಅಜ್ಜಿಯನ್ನು ಆಯಿ ಎಂದೂ ಕರೆಯುತ್ತಾನೆ. 1960 ಮತ್ತು 70ರ ದಶಕಗಳಲ್ಲಿ ಸುತ್ತಲಿನ ಜಾತ್ರೆಗಳಲ್ಲಿ ಚಕ್ಕಡಿ ಹೊಡೆದ ಮುತ್ಯಾ, ಆ ದಿನಗಳ ಮಾತು ಬಂದರೆ ಊಟ ಮರೆಯುತ್ತಾರೆ.

ಅವರ ಕಥೆ ಯಾವಾಗಲೂ ಬಾದಾಮಿಯಿಂದ ಶುರುವಾಗುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬಳಿ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳಿಗೆ ಹೇಗೋ ಹಾಗೆಯೇ ದನಗಳಿಗೂ ಹೆಸರಾದ ಜಾತ್ರೆ ಅದು. ಎತ್ತು ಕೊಳ್ಳುವುದೇ ಒಂದು ವಿದ್ಯೆ. ಮೊದಲು ಬಾಯಿ ತೆರೆಸಿ ಹಲ್ಲು ನೋಡಬೇಕು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂಬುದರ ಮೇಲೆ ವಯಸ್ಸು. ಆಮೇಲೆ ಗೊರಸು, ಹೆಗಲು, ನಡಿಗೆ. ಮೈಮೇಲಿನ ಸುಳಿ ನೋಡದೆ ಯಾರೂ ಹಣ ಬಿಚ್ಚುತ್ತಿರಲಿಲ್ಲ. ದರ ಕುದುರುವುದು ಮಾತಿನಲ್ಲಲ್ಲ. ವಸ್ತ್ರದ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಮುರಿಯಿತೆಂದು ತಿಳಿಯುತ್ತಿರಲಿಲ್ಲ.

ಓಟಕ್ಕೆ ಬೇಕಾದದ್ದು ಕಿಲಾರಿ. ಬಿಜಾಪುರ, ಸೊಲ್ಲಾಪುರ, ಸಾಂಗ್ಲಿ ಕಡೆಯ ಈ ಬಿಳಿ ತಳಿ ಉದ್ದ ಕೋಡಿನದು, ಬಿಗಿ ಮೈಯದು, ಬಿರುಸಿನ ನಡಿಗೆಯದು. ಭಾರ ಎಳೆಯುವುದಕ್ಕೆ ಕೃಷ್ಣಾ ಕಣಿವೆಯ ತಳಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗಿರ್, ಓಂಗೋಲ್ ಮೊದಲಾದ ತಳಿಗಳನ್ನು ಸ್ಥಳೀಯ ದನಗಳೊಂದಿಗೆ ಕೂಡಿಸಿ, ಅಂಟು ಎರೆಮಣ್ಣಿನಲ್ಲಿ ನೇಗಿಲೆಳೆಯಲೆಂದೇ ಬೆಳೆಸಿದ ದೊಡ್ಡ ಮೈಯ ಎತ್ತು ಅದು. ಒಂದು ಕಾಲಕ್ಕೆ ಅಮೆರಿಕ, ಬ್ರೆಜಿಲ್ ದೇಶಗಳಿಗೂ ಈ ತಳಿಯನ್ನು ಒಯ್ದಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ತವರಿನಲ್ಲೇ ಅದು ಅಪರೂಪವಾಯಿತು. ಕಿಲಾರಿ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಕೃಷ್ಣಾ ಕಣಿವೆಯ ಅಪ್ಪಟ ಜೋಡಿಯನ್ನು ಮೊಮ್ಮಗ ಇನ್ನೂ ಕಣ್ಣಾರೆ ಕಂಡಿಲ್ಲ.

ಎತ್ತು ಬಂತು, ಇನ್ನು ಬಂಡಿ. ಅದು ಬಡಿಗ ಮತ್ತು ಕಮ್ಮಾರ ಇಬ್ಬರೂ ಕೂಡಿ ಮಾಡಬೇಕಾದ ಕೆಲಸ. ಗಾಲಿಗೆ ಗಟ್ಟಿ ಜಾಲಿ ಮರ. ಬಡಿಗ ಗಾಲಿ ಕೂಡಿಸಿಕೊಟ್ಟ ಮೇಲೆ ಕಮ್ಮಾರ ಅದಕ್ಕೆ ಕಬ್ಬಿಣದ ಹಳಿ ತೊಡಿಸಬೇಕು. ಹಳಿಯ ಅಳತೆ ಗಾಲಿಗಿಂತ ತುಸು ಕಡಿಮೆಯೇ ಇರುತ್ತದೆ. ಅದನ್ನು ಕುರುಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸಿ, ಮರ ಹೊತ್ತಿ ಉರಿಯುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತದೆ, ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಉಷ್ಣದಿಂದ ಲೋಹ ಹಿಗ್ಗುತ್ತದೆ ಎಂದು ಶಾಲೆಯ ವಿಜ್ಞಾನ ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದನ್ನು ಹಳ್ಳಿಯ ಮಕ್ಕಳು ಕಮ್ಮಾರನ ಮನೆಯ ಮುಂದೆ ನಿಂತು ನೋಡಿ ಕಲಿಯುತ್ತಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಮರೆಯುವ ಮಾತೇ ಇರಲಿಲ್ಲ.

ಓಟದ ಬಂಡಿಯಲ್ಲಿ ಬೇಡದ ಮರವನ್ನೆಲ್ಲ ಕೆತ್ತಿ ತೆಗೆಯುತ್ತಿದ್ದರು. ಆದರೆ ಎಲ್ಲಿ ಕೆತ್ತಬೇಕು, ಎಲ್ಲಿ ಕೆತ್ತಬಾರದು ಎಂಬುದರಲ್ಲೇ ಬಡಿಗನ ಜಾಣತನ. ಅಚ್ಚಿನ ಹತ್ತಿರ ಒಂದು ಬೆರಳು ಹೆಚ್ಚು ಕೆತ್ತಿದರೂ ಗಾಲಿ ಕಳಚಿ ಹೊಡೆಯುವವನ ಕಾಲು ಮುರಿಯುವುದು ಖಂಡಿತ. ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ. ಮುತ್ಯಾ ಓಟದ ಹಿಂದಿನ ರಾತ್ರಿ ಗಾಲಿಯನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳುತ್ತಿದ್ದರಂತೆ. ಕಿರ್ರೆನ್ನದೆ ತಿರುಗಿದರೆ ಮಾತ್ರ ನಿದ್ದೆ. “ಈಗ ನಾವು ಬೇರಿಂಗಿಗೆ ಗ್ರೀಸ್ ಹಾಕೋದು ಅದೇ ಅಲ್ಲೇನು ಮುತ್ಯಾ?” ಎಂದು ಮೊಮ್ಮಗ ಕೇಳಿದರೆ, “ಹೆಸರು ಬ್ಯಾರೆ ತಮ್ಮಾ, ತಿಕ್ಕಾಟ ಒಂದ ಐತಿ” ಎನ್ನುತ್ತಾರೆ.

ಇನ್ನು ಎತ್ತಿನ ತಯಾರಿ. ಹತ್ತಿಕಾಳು, ಶೇಂಗಾ ಹಿಂಡಿ, ನೆನೆಸಿದ ಹುರುಳಿ, ಒಳ್ಳೆಯ ಕಣಿಕೆ. ಮನೆಯ ಮಕ್ಕಳಿಗೆ ಇಲ್ಲದ ತತ್ತಿ ಎತ್ತಿನ ಗಂಟಲಿಗೆ ಇಳಿಯುತ್ತಿತ್ತು. ಬೆಳಿಗ್ಗೆ ನದಿಯಲ್ಲಿ ಈಸು, ಸಂಜೆ ಹಗುರ ಓಟ. ಓಟಕ್ಕೆ ಮುಂಚಿನ ವಾರ ನೇಗಿಲಿಗೆ ಹೂಡುವಂತಿಲ್ಲ. ಇದರಲ್ಲೂ ಲೆಕ್ಕವಿದೆ. ಎತ್ತು ತನ್ನ ಮೈತೂಕದ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಬಲ ಹಾಕಿ ಗಂಟೆಗಟ್ಟಲೆ ದುಡಿಯಬಲ್ಲದು. ಒಂದು ಜೋಡಿ ಸೇರಿದರೆ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ, ಅಂದರೆ 746 ವ್ಯಾಟ್. ಕೆಲವು ಕ್ಷಣ ಮಾತ್ರ ಅದು ಇದರ ಹಲವು ಪಟ್ಟು ಬಲ ಹಾಕಬಲ್ಲದು. ಆಮೇಲೆ ಉಸಿರು ಸಾಲದು. ಓಟದ ದೂರ ಚಿಕ್ಕದಾಗಿರುತ್ತಿದ್ದುದು ಇದಕ್ಕೇ. ಆ ಗಡಿ ದಾಟಿಸಿ ಓಡಿಸಿದವನ ಎತ್ತು ಮುಂದಿನ ಬಿತ್ತನೆಗೆ ಉಳಿಯುತ್ತಿರಲಿಲ್ಲ. ಎತ್ತು ಹೋದರೆ ಆ ವರ್ಷದ ಬೆಳೆಯೂ ಹೋದಂತೆ.

ಹಾದಿಯನ್ನೂ ಹೀಗೆಯೇ ಸಿದ್ಧಗೊಳಿಸಬೇಕಾಗಿತ್ತು. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗೊರಸು ಸಿಕ್ಕರೆ ಕಾಲು ಮುರಿದಂತೆಯೇ. ಊರ ಹುಡುಗರೆಲ್ಲ ಕೂಡಿ ಬಿರುಕು ಮುಚ್ಚಿ, ಕುಂಟೆ ಹೊಡೆದು, ಕಲ್ಲು ಆಯ್ದು, ನೀರು ಚಿಮುಕಿಸಿ ನೆಲ ಹದ ಮಾಡುತ್ತಿದ್ದರು. ಮುತ್ಯಾನ ಊರಿನ ಹಾದಿ ಘಟಪ್ರಭಾ ನದಿಯ ದಂಡೆಯ ಮೇಲಿತ್ತು. ಅಂಗೈಯಂತೆ ಸಮನಾದ ನೆಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಬೇವಿನ ಸಾಲು, ಆ ನೆರಳಲ್ಲಿ ಕುಳಿತ ಪಂಚರು. ಗೆದ್ದವರಿಗೆ ಬೆಳ್ಳಿ ಕಡಗವೋ, ಹಿತ್ತಾಳೆ ಕೊಡವೋ, ಒಂದು ರುಮಾಲೋ.

ಆ ಹಾದಿ ಈಗಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಮುಗಿದು ನೀರು ನಿಂತಾಗ, ಹಳೆಯ ಬಾಗಲಕೋಟೆಯ ದೊಡ್ಡ ಭಾಗದ ಜೊತೆ ದಂಡೆಯ ಅದೆಷ್ಟೋ ಹಳ್ಳಿಗಳೂ ಹೊಲಗಳೂ ಮುಳುಗಿದವು. ಪಟ್ಟಣದವರಿಗೆ ನವನಗರ ಎದ್ದಿತು, ಹಳ್ಳಿಯವರಿಗೆ ಪುನರ್ವಸತಿ ಕೇಂದ್ರಗಳು ಬಂದವು. ಕಾಲುವೆಯ ನೀರು ಕಂಡ ಹೊಲಗಳು ಹಸಿರಾದವು ಎಂಬುದೂ ಸುಳ್ಳಲ್ಲ. ಮನೆಗೆ, ಹೊಲಕ್ಕೆ ಪರಿಹಾರ ಬಂತು. ಓಟದ ಹಾದಿಗೆ ಯಾರು ಪರಿಹಾರ ಕೊಡುತ್ತಾರೆ? ಅದು ಯಾರ ಹೆಸರಿನಲ್ಲೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಸವಿ ನೆನಪು ಮಾತ್ರವಾಗುತ್ತಿತ್ತು. ಆದರೆ ಮನೆಯಲ್ಲಿ ಆಯಿ ಇದ್ದಾರಲ್ಲ!

ಒಂದು ವರ್ಷ ಮುತ್ಯಾ ಹುನಗುಂದದ ಕಡೆಯ ಜಾತ್ರೆಯೊಂದರಲ್ಲಿ ಗೆದ್ದು, ಬಹುಮಾನದ ಹಣದಲ್ಲಿ ಇಳಕಲ್ಲಿಗೆ ಹೋಗಿ, ಟೋಪಿ ತೆನೆ ಸೆರಗಿನ ಸೀರೆ ತಂದಿದ್ದರು. ಈ ಕಥೆಯನ್ನು ಅವರು ಮೊಮ್ಮಗನಿಗೆ ಹಲವು ಸಲ ಹೇಳಿದ್ದಾರೆ. ಹೋದ ದೀಪಾವಳಿಯ ರಜೆಯಲ್ಲಿ ಮತ್ತೊಮ್ಮೆ ಹೇಳುವಾಗ, ಒಳಗೆ ರೊಟ್ಟಿ ಬಡಿಯುತ್ತಿದ್ದ ಆಯಿ ಅಲ್ಲಿಂದಲೇ ಮಾತು ಸೇರಿಸಿದರು: “ಆ ಸೀರಿ ಹರದು ಕೌದಿ ಆತು. ಎತ್ತಿನ ಬೆನ್ನ ಮ್ಯಾಲಿನ ಬಾಸುಂಡಿ ಮಾತ್ರ ಇನ್ನೂ ನನ್ನ ಕಣ್ಣಾಗ ಐತಿ. ಅದನ್ಯಾಕ ಹೇಳಾಂಗಿಲ್ಲ ಹುಡುಗಗ?”

ಆ ರಾತ್ರಿ ಎಣ್ಣೆ ಅರಿಶಿನ ಕಲಸಿ ಎತ್ತಿನ ಬೆನ್ನಿಗೆ ಹಚ್ಚಿದವರು ಅವರೇ. ಬಾರಕೋಲಿನ ತುದಿಗೆ ಮೊಳೆ ಹೊಡೆದುಕೊಂಡು ಬರುವವರು ಆಗ ಹೊಸದಾಗಿ ಕಾಣಿಸಿಕೊಂಡಿದ್ದರು. ಎದುರಾಳಿ ಚುಚ್ಚಿದನೆಂದು ಇವರೂ ಚುಚ್ಚಿದ್ದರು. ಬಾಲ ತಿರುವುವುದು, ಕಡಿಯುವುದು ಎಲ್ಲವೂ ಗೆಲ್ಲುವ ಉಪಾಯಗಳಾಗಿದ್ದವು. ಮೊಮ್ಮಗ ಮುತ್ಯಾನ ಮುಖ ನೋಡಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕಿ ಹೇಳೂದು ಖರೇ ಐತಿ ತಮ್ಮಾ. ಮೊದಲ ಎತ್ತು ತಾನ ಓಡತಿತ್ತು, ಆಮ್ಯಾಲ ನಾವು ಓಡಿಸಾಕ ಹತ್ತಿದಿವಿ” ಎಂದರು.

ನ್ಯಾಯಾಲಯಗಳು ವರ್ಷಗಟ್ಟಲೆ ವಾದ ಕೇಳಿದ್ದೂ ಇದೇ ವಿಷಯವಾಗಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂದದ್ದು 1960ರಲ್ಲಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟಗಳನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾಯಿದೆಗೆ ತಿದ್ದುಪಡಿ ತಂದು, ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ಮೇಲೆ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಅದಕ್ಕೆ ಜಿಲ್ಲಾಡಳಿತವೇ ಹೊಣೆ ಎಂದೂ ಹೇಳಿತು. ಓಟ ಉಳಿಯಿತು, ಚುಚ್ಚುವ ಹಕ್ಕು ಉಳಿಯಲಿಲ್ಲ. ಈಗ ಬಹುಮಾನವಾಗಿ ಮೋಟಾರ್ ಸೈಕಲ್ಲುಗಳೇ ಬರುತ್ತಿವೆ. ಬಹುಮಾನ ದೊಡ್ಡದಾದಷ್ಟೂ ಆಸೆಯೂ ದೊಡ್ಡದು. ಮೊಳೆಯನ್ನು ಕಾನೂನು ನಿಷೇಧಿಸಬಹುದು. ಹೊಡೆಯುವವನ ಕೈ ತಡೆಯುವುದು ಮನೆಯವರ ಮಾತೇ.

ಈ ಮಾತು ಎತ್ತಿಗಷ್ಟೇ ಸೀಮಿತವಲ್ಲ. ಹುನಗುಂದ, ಇಳಕಲ್ ಮೂಲಕ ಹಾದುಹೋಗುವ ಹೆದ್ದಾರಿಗೆ ಹಿಂದೆ 13 ಎಂಬ ಸಂಖ್ಯೆಯಿತ್ತು, ಈಗ ರಾಷ್ಟ್ರೀಯ ಹೆದ್ದಾರಿ 50. ಅಗಲವಾಗಿ, ನುಣುಪಾಗಿ, ನೇರವಾಗಿ ಮಲಗಿರುವ ಆ ರಸ್ತೆ ಕಂಡರೆ ಹರೆಯದವರ ಕೈ ಕಡಿಯುತ್ತದೆ. ಮೊಮ್ಮಗನ ಸಹಪಾಠಿಗಳಿಬ್ಬರು ಒಂದು ರಾತ್ರಿ ಅಲ್ಲಿ ಬೈಕಿನ ಪಂದ್ಯ ಕಟ್ಟಿದರು. ಒಬ್ಬ ಮೂರು ತಿಂಗಳು ಹಾಸಿಗೆ ಹಿಡಿದ, ಒಂದು ವರ್ಷದ ಓದು ಹಿಂದೆ ಬಿತ್ತು. ಅವನ ತಂದೆ ಮಗನ ಆರೈಕೆಗೆಂದು ಎತ್ತುಗಳನ್ನೇ ಮಾರಿದರು. ಸುದ್ದಿ ಕೇಳಿದ ಮುತ್ಯಾ ಬಯ್ಯಲಿಲ್ಲ. “ಓಡಸೋದು ಯಾರಿಗರ ಬರತೈತಿ ತಮ್ಮಾ. ನಿಂದರಸೋದು ಕಲೀಬೇಕು” ಎಂದರು. ಅವರ ಕಾಲದಲ್ಲಿ ಹೊಸಬನಿಗೆ ಮೊದಲು ಕಲಿಸುತ್ತಿದ್ದುದು ಗೆರೆ ದಾಟಿದ ಮೇಲೆ ಎತ್ತುಗಳನ್ನು ಗಾಬರಿಪಡಿಸದೆ, ನೋಡುವವರ ಮೇಲೆ ಹಾಯಿಸದೆ, ಹಗ್ಗ ಹದವಾಗಿ ಎಳೆದು ನಿಲ್ಲಿಸುವುದನ್ನು. ಅದು ಬಂದ ಮೇಲೆಯೇ ಬಾರಕೋಲು ಕೈಗೆ.

ಅಮೆರಿಕದ ಕಥೆಯೂ ಇದೇ. ಅಲ್ಲಿಯೂ ಹುಡುಗರು ಊರ ಬೀದಿಗಳಲ್ಲೇ ಕಾರು ಓಡಿಸಿ ತಾವೂ ಸಾಯುತ್ತಿದ್ದರು, ದಾರಿಹೋಕರನ್ನೂ ಕೊಲ್ಲುತ್ತಿದ್ದರು. 1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಅವರಿಗೊಂದು ಜಾಗ ಸಿಕ್ಕಿತು. ಮರುವರ್ಷ, ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಈ ಓಟಕ್ಕಾಗಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಹುಡುಗರನ್ನು ರಸ್ತೆಯಿಂದ ಎಬ್ಬಿಸಿ, ತಪಾಸಣೆ, ಶಿರಸ್ತ್ರಾಣ, ನಿಯಮಗಳಿರುವ ಮೈದಾನಕ್ಕೆ ತರುವುದು ಅದರ ಉದ್ದೇಶವಾಗಿತ್ತು. ನಮ್ಮಲ್ಲಿಯೂ ಮದರಾಸಿನ ಬಳಿಯ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದು ದಶಕಗಳ ಕಾಲ ಕಾರು, ಬೈಕುಗಳ ಓಟಕ್ಕೆ ಒದಗಿತ್ತು. ವೇಗದ ಆಸೆ ಹರೆಯಕ್ಕೆ ಸಹಜ. ಅದಕ್ಕೊಂದು ಹದ ಮಾಡಿದ ಹಾದಿ ಬೇಕು, ಪಂಚರು ಬೇಕು, ಗೆರೆ ಬೇಕು. ಮುತ್ಯಾನ ಊರಿನ ಹುಡುಗರು ಬಿರುಕು ಮುಚ್ಚಿ, ಕುಂಟೆ ಹೊಡೆದು ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?

ತಂದೆತಾಯಂದಿರು ಮಕ್ಕಳಿಗೆ ಬೈಕು ಕೊಡಿಸುವ ಮುನ್ನ ಈ ಮಾತನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಬೇಡ ಎಂದಷ್ಟೇ ಹೇಳಿದರೆ ಹುಡುಗರು ಕೇಳುವುದಿಲ್ಲ. ಹೇಗೆ ನಿಲ್ಲಿಸಬೇಕೆಂದು ಕಲಿಸಿದರೆ ಕೇಳಬಹುದು. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಊರಿನಲ್ಲಿ ಚಕ್ಕಡಿ ಕಟ್ಟಿದ ಬಡಿಗ, ಹಳಿ ತೊಡಿಸಿದ ಕಮ್ಮಾರ, ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ರೈತ ಇನ್ನೂ ಇರಬಹುದು. ಅವರ ಬಾಯಲ್ಲಿರುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹಳೆಯ ಗಾಲಿಗಳು ಹೋಟೆಲುಗಳ ಅಂಗಳಕ್ಕೆ ಅಲಂಕಾರವಾಗಿ ಹೋಗುತ್ತಿವೆ. ಗಾಲಿ ಹೋದರೂ ಅದನ್ನು ಮಾಡುವ ಬಗೆಯಾದರೂ ಉಳಿಯಲಿ.

ಆ ಮೊಮ್ಮಗ ಈಗ ಒಂದು ನೋಟುಬುಕ್ಕು ಇಟ್ಟಿದ್ದಾನೆ. ರಜೆಯಲ್ಲಿ ಮನೆಗೆ ಬಂದಾಗ ಮುತ್ಯಾನ ಮುಂದೆ ಕುಳಿತು ಚಕ್ಕಡಿಯ ಚಿತ್ರ ಬರೆಯುತ್ತಾನೆ. ನೊಗ, ಮೂಕಿ, ಅಚ್ಚು, ಗಾಲಿ ಒಂದೊಂದಾಗಿ. ಮುತ್ಯಾ ಮೊಳದಲ್ಲಿ, ಗೇಣಿನಲ್ಲಿ ಅಳತೆ ಹೇಳುತ್ತಾರೆ; ಅವನು ಅದನ್ನು ಸೆಂಟಿಮೀಟರಿಗೆ ಇಳಿಸಿಕೊಳ್ಳುತ್ತಾನೆ. ಬಾರಕೋಲಿನ ಪುಟಕ್ಕೆ ಬಂದಾಗ ಅವನು ಕೋಲಿನ ಉದ್ದ ಬರೆದು ಮುಂದಿನ ಪುಟ ತಿರುವಲಿದ್ದ. ಆಯಿ ಪಕ್ಕದಲ್ಲೇ ಇದ್ದರು. “ಮೊಳಿನೂ ಬರಿ” ಎಂದರು. ಹುಡುಗ ಮುತ್ಯಾನ ಕಡೆ ನೋಡಿದ. ಅವರು ತಲೆಯಾಡಿಸಿ, ಮೊಳೆ ಎಷ್ಟುದ್ದ ಇತ್ತೆಂದು ಬೆರಳಿನಿಂದ ತೋರಿಸಿದರು.